ಸೇವೆ ಅಂದ್ರೆ ರಜೆ ಇಲ್ಲ ಅಂತಲ್ಲ, ಸೇರೋ ಮೊದಲೇ ಕೇಳ್ರಿ

ಊರಲ್ಲಿದ್ದು ಡಿಗ್ರಿ ಮುಗಿಸಿದವರಿಗೆ ಹತ್ತಿರದಲ್ಲಿ ಸಿಗುವ ಕೆಲಸಗಳಲ್ಲಿ ಎನ್‌ಜಿಒ ಕೆಲಸವೂ ಒಂದು. ದಾವಣಗೆರೆಯ ಸರಸ್ವತಿ ನಗರದಂಥ ಬಡಾವಣೆಯಲ್ಲಿ ಒಂದು ಬಾಡಿಗೆ ಮನೆ, ಗೇಟಿಗೆ ಟ್ರಸ್ಟಿನ ಬೋರ್ಡು, ಒಳಗೆ ಐದಾರು ಜನ. ಜಗಳೂರು, ಚನ್ನಗಿರಿ, ಹರಿಹರದ ಹಳ್ಳಿಗಳಿಗೆ ದಿನಾ ಓಡಾಟ. ಸೇರುವಾಗ ಸಂಬಳ ಎಷ್ಟು ಅಂತ ಸಂಕೋಚದಲ್ಲಾದರೂ ಕೇಳುತ್ತೇವೆ. ರಜೆ ಎಷ್ಟು ಅಂತ ಕೇಳುವವರು ಕಮ್ಮಿ. ಕೇಳಿದರೆ ಬರುವ ಉತ್ತರವೂ ಗೊತ್ತಿರುವುದೇ: "ನಮ್ದು ಕಂಪ್ನಿ ಅಲ್ಲಪ್ಪ, ಸೇವೆ. ಎಲ್ಲಾ ಒಂದೇ ಮನೆಯವರಿದ್ದಂಗೆ. ಬೇಕಾದಾಗ ಹೇಳಿ ಹೋಗು."

ಈ ಉತ್ತರವನ್ನು ನಾವು ಒಪ್ಪುವುದಿಲ್ಲ. "ಹೇಳಿ ಹೋಗು" ಅನ್ನುವುದಕ್ಕೆ ಅನುಮತಿ ಅಂತ ಹೆಸರು. ಅದು ಕೊಡುವವರ ಮನಸ್ಸಿನ ಮೇಲೆ ನಿಂತಿರುತ್ತದೆ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದ ಎರಡು ದಿನದ ಸಂಬಳ ತಿಂಗಳ ಕೊನೆಗೆ ಕಟ್ ಆದಾಗ "ಒಂದೇ ಮನೆ" ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ. ಹಾಳೆಯ ಮೇಲೆ ಬರೆದ ಸಂಬಳಸಹಿತ ರಜೆಗೆ ಯಾರ ಮುಖವನ್ನೂ ನೋಡಬೇಕಿಲ್ಲ.

ಕೆಲವರು ಕಾಯಕದ ಮಾತನ್ನೂ ಎಳೆದು ತರುತ್ತಾರೆ. ಕಾಯಕ ಅಂದರೆ ತಾನು ಮಾಡುವುದು. ಇನ್ನೊಬ್ಬರ ಭಾನುವಾರವನ್ನು ತೆಗೆದುಕೊಂಡು ಅದಕ್ಕೆ ಕಾಯಕ ಅಂತ ಹೆಸರಿಡುವುದು ಸಲ್ಲದು.

ಈಗ ಕಾನೂನಿನ ಲೆಕ್ಕ ನೋಡೋಣ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ, ವರ್ಷಕ್ಕೆ 240 ದಿನ ದುಡಿದವರಿಗೆ ಮುಂದಿನ ವರ್ಷ ಪ್ರತಿ 20 ದಿನದ ದುಡಿಮೆಗೆ ಒಂದು ದಿನ ಸಂಬಳಸಹಿತ ರಜೆ. 280 ದಿನ ದುಡಿದರೆ 14 ದಿನ. ಇದರ ಜೊತೆಗೆ ಕಾಯಿಲೆ, ಅಪಘಾತ ಅಥವಾ ಬೇರೆ ತಕ್ಕ ಕಾರಣಕ್ಕೆ ಮೊದಲ ವರ್ಷದಿಂದಲೇ 12 ದಿನಗಳವರೆಗೆ ರಜೆ. 1963ರ ಇನ್ನೊಂದು ಕಾಯ್ದೆಯಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಐದು ಹಬ್ಬಗಳಿಗೆ ರಜೆ ಇದೆ.

"ಇದು ಟ್ರಸ್ಟಿಗೆ ಅನ್ವಯಿಸಲ್ಲ" ಅಂತ ವಾದ ಬರುತ್ತದೆ. ಆ ವಾದ ವಕೀಲರಿಗಿರಲಿ. ನಮ್ಮ ಪ್ರಶ್ನೆ ಸರಳ: ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಹುಡುಗಿಗೆ ಕಾನೂನು ಕೊಟ್ಟಷ್ಟನ್ನು, ಹಳ್ಳಿ ಉದ್ಧಾರದ ಮಾತಾಡುವ ಸಂಸ್ಥೆ ತನ್ನ ಕೆಲಸಗಾರರಿಗೆ ಕೊಡಬಾರದೇ?

ಈ ಜಗಳ ಹಳೆಯದು, ಅದರಲ್ಲಿ ನಮ್ಮ ರಾಜ್ಯದ ಹೆಸರೂ ಇದೆ. ಬೆಂಗಳೂರು ಜಲಮಂಡಳಿ ಮತ್ತು ಎ. ರಾಜಪ್ಪ ನಡುವಿನ ಪ್ರಕರಣದಲ್ಲಿ 1978ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸಂಸ್ಥೆಗೆ ಲಾಭದ ಉದ್ದೇಶ ಇಲ್ಲ ಅನ್ನುವುದೇ ಮುಖ್ಯವಲ್ಲ, ಕೆಲಸ ಕೊಡುವವರು ಮತ್ತು ಮಾಡುವವರ ಸಂಬಂಧ ಇದೆಯೇ ಅಂತ ನೋಡಬೇಕು ಅನ್ನುವುದು ಅದರ ತಿರುಳು. ಮುಂದೆ 2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧ ಸಂಹಿತೆ, ದಾನಧರ್ಮ ಮತ್ತು ಸಮಾಜಸೇವೆಯ ಸಂಸ್ಥೆಗಳನ್ನು "ಕೈಗಾರಿಕೆ" ಅನ್ನುವ ವ್ಯಾಖ್ಯೆಯಿಂದ ಹೊರಗಿಟ್ಟಿತು. ಕಾನೂನಿನ ನೆರಳು ಕಮ್ಮಿಯಾದಷ್ಟೂ ಸೇರುವ ದಿನ ನಾವು ಆಡುವ ಮಾತಿಗೆ ತೂಕ ಜಾಸ್ತಿ.

ಹೆಣ್ಣುಮಕ್ಕಳು ಇದನ್ನು ಇನ್ನೂ ಗಮನವಿಟ್ಟು ನೋಡಬೇಕು. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆ ಬಂತು. ಆದರೆ ಅಂಗಡಿ, ಕಚೇರಿಗಳಿಗೆ ಅದು ಅನ್ವಯಿಸುವುದು 10 ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ. ಆರು ಜನರ ಟ್ರಸ್ಟಿನಲ್ಲಿ ಹೆರಿಗೆ ರಜೆ ಎಷ್ಟು ಅನ್ನುವುದನ್ನು ಆರ್ಡರಿನಲ್ಲೇ ಬರೆಸಿಕೊಳ್ಳದಿದ್ದರೆ, ಏಳನೇ ತಿಂಗಳಲ್ಲಿ "ರಾಜೀನಾಮೆ ಕೊಟ್ಟು ಆಮೇಲೆ ಬಾರಮ್ಮ" ಅನ್ನುವ ಮಾತು ಕೇಳಬೇಕಾದೀತು.

"ನಮ್ಮಲ್ಲಿ ದುಡ್ಡಿಲ್ಲ, ಫಂಡ್ ಕೊಡುವವರು ಒಪ್ಪಲ್ಲ" ಅನ್ನುವುದು ಇನ್ನೊಂದು ನೆಪ. ಲೆಕ್ಕ ಹಾಕಿ. ತಿಂಗಳಿಗೆ 15,000 ರೂಪಾಯಿ ಸಂಬಳ ಅಂದುಕೊಳ್ಳಿ. ಪ್ರಾಜೆಕ್ಟ್ ಬಜೆಟ್ಟಿನಲ್ಲಿ ವರ್ಷಕ್ಕೆ 1,80,000 ಬರೆದಿರುತ್ತದೆ. ನೀವು 14 ದಿನ ರಜೆ ಹಾಕಿದರೂ ಖರ್ಚು ಅದೇ 1,80,000. ಒಂದು ರೂಪಾಯಿಯೂ ಏರುವುದಿಲ್ಲ. ಹಾಗಾಗಿ ಸಂಬಳ ಏರಿಸಲಾಗದ ಸಣ್ಣ ಸಂಸ್ಥೆಯೂ ಕೊಡಬಹುದಾದದ್ದು ರಜೆ. ಒಬ್ಬರು ಎರಡು ದಿನ ಬರದಿದ್ದರೆ ಸಂಸ್ಥೆಯೇ ನಿಲ್ಲುತ್ತದೆ ಅಂತಾದರೆ ಕೊರತೆ ಇರುವುದು ನಡೆಸುವವರ ಯೋಜನೆಯಲ್ಲಿ. ಅವರಿಗೆ ಜ್ವರ ಬಂದರೂ ಕೆಲಸ ನಿಲ್ಲುತ್ತದಲ್ಲ?

ಹಾಗಾದರೆ ಯಾವಾಗ ಕೇಳಬೇಕು? ಇಂಟರ್‌ವ್ಯೂ ಶುರುವಾದ ಕೂಡಲೇ ಬೇಡ. ಅವರು "ನೀನು ಬಾ" ಅಂದ ಮೇಲೆ, ನೀವು ಸಹಿ ಹಾಕುವ ಮೊದಲು. ನಿಮ್ಮ ಮಾತಿಗೆ ಬೆಲೆ ಇರುವ ಹೊತ್ತು ಅದೊಂದೇ. ಮೆತ್ತಗೆ ಕೇಳಿದರೆ ಸಾಕು: "ಸರ್, ಸಂಬಳ ಇಷ್ಟೇ ಅಂದ್ರಿ, ಆಗಲಿ. ವರ್ಷಕ್ಕೆ ಎಷ್ಟು ರಜೆ ಅಂತ ಆರ್ಡರಲ್ಲಿ ಬರೆದುಕೊಡ್ರಿ."

ಬರೆಸಿಕೊಳ್ಳಬೇಕಾದದ್ದು ಇಷ್ಟು. ಗಳಿಕೆ ರಜೆ ಎಷ್ಟು, ಕಾಯಿಲೆ ರಜೆ ಎಷ್ಟು. ಪ್ರೊಬೇಷನ್ ಅವಧಿಯಲ್ಲೂ ಇದೆಯೇ. ಭಾನುವಾರ ಶಿಬಿರ ಮಾಡಿದರೆ ಬದಲಿ ರಜೆ ಯಾವಾಗ. ಉಳಿದ ರಜೆ ಮುಂದಿನ ವರ್ಷಕ್ಕೆ ಹೋಗುತ್ತದೆಯೇ, ಮಾರ್ಚ್ ಕೊನೆಗೆ ಪ್ರಾಜೆಕ್ಟ್ ಮುಗಿದರೆ ಅದಕ್ಕೆ ದುಡ್ಡು ಕೊಡುತ್ತಾರೆಯೇ. ನಮ್ಮೂರ ಜಾತ್ರೆ, ಕೊಟ್ಟೂರಿನ ಪಾದಯಾತ್ರೆ, ಮನೆಯಲ್ಲಿ ಮೆಕ್ಕೆಜೋಳ ಮುರಿಯುವ ವಾರ, ಇವಕ್ಕೆ ರಜೆ ಹಾಕಲು ಎಷ್ಟು ದಿನ ಮೊದಲು ಹೇಳಬೇಕು. ಆರ್ಡರ್ ಕೊಡುವುದು ತಡವಾದರೆ, ಮಾತಾದದ್ದನ್ನು ಅವತ್ತೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ, "ಇದು ಸರಿ ತಾನೆ ಸರ್" ಅಂತ ಕೇಳಿ. ಅವರ "ಸರಿ" ನಿಮ್ಮ ಫೋನಿನಲ್ಲಿ ಉಳಿಯುತ್ತದೆ.

ಕೇಳಿದ್ದಕ್ಕೇ ಕೆಲಸ ತಪ್ಪುವುದೂ ಉಂಟು. ಮನೆಗೆ ದುಡ್ಡು ತುರ್ತಾಗಿ ಬೇಕಿದ್ದವರಿಗೆ ಅದು ಸಣ್ಣ ಭಯವಲ್ಲ. ಅದಕ್ಕೇ ಒಬ್ಬರೇ ಕೇಳುವುದಕ್ಕಿಂತ ಎಲ್ಲರೂ ಕೇಳುವುದು ಮೇಲು. ಈಗಾಗಲೇ ಒಳಗಿರುವವರು, ಹೊಸಬರು ಬರುವ ಮೊದಲೇ ರಜೆಯ ನಿಯಮ ಗೋಡೆಗೆ ಅಂಟಿಸಿ ಅಂತ ಪಟ್ಟು ಹಿಡಿಯಬೇಕು.

ಸಂಸ್ಥೆ ನಡೆಸುವವರಿಗೂ ಒಂದು ಮಾತು. ಹಳ್ಳಿಗೆ ಬಂದು ಕೂಲಿಯವರ ಹಕ್ಕು, ಹೆಣ್ಣುಮಕ್ಕಳ ಆರೋಗ್ಯ ಅಂತ ತರಬೇತಿ ಕೊಡುತ್ತೀರಿ. ಆ ತರಬೇತಿಗೆ ಜಮಖಾನ ಹಾಸುವ ಹುಡುಗಿಗೆ ವರ್ಷಕ್ಕೆ ಎಷ್ಟು ರಜೆ ಅಂತ ಜನ ಕೇಳಿದರೆ ತೋರಿಸಲು ನಿಮ್ಮ ಬಳಿ ಒಂದು ಹಾಳೆ ಇರಲಿ.