ಮುಂಪಡೆ ಆಟಗಾರನ ಮುಂದಿನ ಬದುಕು

ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ತಾನು ಭಾಗವಹಿಸಿದ ಮೊದಲ ಎರಡು ಒಲಿಂಪಿಕ್ ಕೂಟಗಳಲ್ಲಿ ಗಳಿಸಿದ್ದು ಎರಡೇ ಗೋಲು. 1948ರ ಜುಲೈ 31ರಂದು ಲಂಡನ್ ಕೂಟದಲ್ಲಿ ಫ್ರಾನ್ಸ್ ವಿರುದ್ಧ ಒಂದು, 1952ರ ಜುಲೈ 15ರಂದು ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ವಿರುದ್ಧ ಇನ್ನೊಂದು. ಮೊದಲನೆಯದು ಎಸ್. ರಾಮನ್ ಅವರದು, ಎರಡನೆಯದು ಅಹ್ಮದ್ ಖಾನ್ ಅವರದು. ಇಬ್ಬರೂ ಅಂದಿನ ಮೈಸೂರಿನ ಆಟಗಾರರು. ಕ್ರಿಕೆಟ್‌ನಲ್ಲಿ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಎಂದು ಒಂದೇ ಉಸಿರಿನಲ್ಲಿ ಹೇಳುವ ವಿದ್ಯಾವಂತ ಕನ್ನಡಿಗರಲ್ಲಿ ಈ ಎರಡು ಹೆಸರುಗಳನ್ನು ಗುರುತಿಸುವವರು ಎಷ್ಟು ಮಂದಿ? ಮರೆವಿನ ಬಗೆಗೆ ಮರುಗುವುದು ಈ ಲೇಖನದ ಉದ್ದೇಶವಲ್ಲ. ಇಂಥ ಆಟಗಾರರನ್ನು ಬೆಳೆಸಿದ ವ್ಯವಸ್ಥೆ ಯಾವುದು, ಅದು ಏನಾಯಿತು ಎಂಬುದು ನನ್ನ ಪ್ರಶ್ನೆ.

ಅಹ್ಮದ್ ಖಾನ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1926ರಲ್ಲಿ. ಅವರ ಹುಡುಗತನದ ಬೆಂಗಳೂರು ಫುಟ್‌ಬಾಲಿನ ಊರು. ಇಲ್ಲಿನ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1891ರಿಂದ ಬ್ರಿಟಿಷ್ ಸೇನಾ ತಂಡಗಳ ಪಾಲಾಗುತ್ತ ಬಂದಿದ್ದ ಆ ಕಪ್ಪನ್ನು ಭಾರತೀಯ ತಂಡವೊಂದು ಗೆದ್ದದ್ದು ಅದೇ ಮೊದಲು. ದಂಡಿನ ಸಿಪಾಯಿಗಳನ್ನು ನೋಡಿ ಕಲಿತ ಆಟದಲ್ಲಿ ದಂಡು ಪ್ರದೇಶದ ಹುಡುಗರು ಅವರನ್ನೇ ಮೀರಿದ ಕಾಲವದು. 1946–47ರಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನು ಮೊದಲ ಬಾರಿ ತನ್ನದಾಗಿಸಿಕೊಂಡಿತು.

ಲಂಡನ್ ಕೂಟದಲ್ಲಿ ಅಹ್ಮದ್ ಖಾನ್ ಆಡಿದರು. ಭಾರತದ ಬಹುತೇಕ ಆಟಗಾರರು ಅಂದು ಬರಿಗಾಲಿನಲ್ಲಿದ್ದರು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಪಂದ್ಯ ಮುಗಿಯಲು ಇನ್ನೇನು ಕ್ಷಣಗಳಿವೆ ಎನ್ನುವಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆದು 2–1ರಿಂದ ಗೆದ್ದಿತು. ಮರುವರ್ಷ ಖಾನ್ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿಂದ ಒಂದು ದಶಕ ಅವರದು ಆ ಕ್ಲಬ್ಬಿನೊಡನೆ ಬೆಸೆದುಕೊಂಡ ಬದುಕು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ ಎಂಬ ಐವರ ಮುಂಪಡೆಯನ್ನು ಕಲ್ಕತ್ತದ ಜನ 'ಪಂಚಪಾಂಡವರು' ಎಂದರು. ಸ್ವಾರಸ್ಯವೆಂದರೆ, ಈ ಪಾಂಡವರಲ್ಲಿ ಒಬ್ಬರೂ ಬಂಗಾಳಿಗಳಲ್ಲ, ಎಲ್ಲರೂ ದಕ್ಷಿಣದವರು. ಧನರಾಜ್ ಕೂಡ ಬೆಂಗಳೂರಿನವರೇ. 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್, 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ ಆ ತಂಡದ ಪಾಲಾದವು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಖಾನ್ ಇದ್ದರು. ಹೆಲ್ಸಿಂಕಿಯಲ್ಲಿ ಭಾರತ 10–1ರಿಂದ ಸೋತಿತು. ಆ ಒಂದು ಗೋಲು ಅವರದು.

ಆಟ ನಿಲ್ಲಿಸಿದ ಮೇಲೆ ಅವರು ಬೆಂಗಳೂರಿಗೆ ಮರಳಿದರು. 2017ರ ಆಗಸ್ಟ್‌ನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಇಲ್ಲಿಯೇ ತೀರಿಕೊಂಡರು. ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ, ಅಂದರೆ ಅವರ ಉತ್ತುಂಗದ ದಿನಗಳು ಮುಗಿದ ನಂತರ.

ಅರ್ಥಶಾಸ್ತ್ರ ಓದಿದವನಾಗಿ ನನಗೆ ಈ ಬದುಕಿನಲ್ಲಿ ಕಾಣುವ ಮುಖ್ಯ ಸಂಗತಿ ವಲಸೆ. ಪ್ರತಿಭೆ ಬೆಳೆದದ್ದು ಒಂದು ಕಡೆ, ಅದರ ಫಲ ಸಂದದ್ದು ಇನ್ನೊಂದು ಕಡೆ. ಇದು ನಮ್ಮ ನಾಡಿಗಷ್ಟೇ ಸೀಮಿತವಲ್ಲ. ಸ್ಕಾಟ್ಲೆಂಡ್ ಎಂಬ ಪುಟ್ಟ ದೇಶವೂ ತನ್ನ ಉತ್ತಮ ಗೋಲುಗಾರರನ್ನು ತಲೆಮಾರುಗಳಿಂದ ಇಂಗ್ಲೆಂಡಿಗೆ ಕಳುಹಿಸುತ್ತ ಬಂದಿದೆ. ಗ್ಲಾಸ್ಗೊದ ಸೆಲ್ಟಿಕ್ ಕ್ಲಬ್ಬಿನಲ್ಲಿ ಬೆಳೆದ ಕೆನ್ನಿ ಡಾಲ್‌ಗ್ಲೀಷ್ 1977ರಲ್ಲಿ ಲಿವರ್‌ಪೂಲ್ ಸೇರಿದರು. ಸ್ಕಾಟ್ಲೆಂಡ್ ಪರ 102 ಪಂದ್ಯ, 30 ಗೋಲು ಅವರ ಲೆಕ್ಕ. ಆದರೆ ಅವರನ್ನು ಬಿಟ್ಟುಕೊಟ್ಟ ಸೆಲ್ಟಿಕ್‌ಗೆ ಸಂದದ್ದು 4 ಲಕ್ಷ 40 ಸಾವಿರ ಪೌಂಡ್. ಹೋದದ್ದು ಒಬ್ಬ ಆಟಗಾರ, ಬಂದದ್ದು ಇನ್ನಷ್ಟು ಹುಡುಗರನ್ನು ಬೆಳೆಸುವ ಬಂಡವಾಳ. ಹವ್ಯಾಸಿ ಆಟ ಎಂಬ ಹೆಸರಿನಲ್ಲಿ ಎಲ್ಲವೂ ನಡೆಯುತ್ತಿದ್ದ ಅಂದಿನ ಭಾರತದಲ್ಲಿ ಬೆಂಗಳೂರಿನ ಕ್ಲಬ್ಬುಗಳಿಗೆ ಅಂಥ ಬಂಡವಾಳ ಬರುವ ದಾರಿಯೇ ಇರಲಿಲ್ಲ. ಇಂದು ಫಿಫಾ ನಿಯಮದಂತೆ ಅಂತರರಾಷ್ಟ್ರೀಯ ವರ್ಗಾವಣೆಯ ಶುಲ್ಕದಲ್ಲಿ ಶೇ 5ರಷ್ಟು, ಆಟಗಾರನನ್ನು 12ರಿಂದ 23ರ ವಯಸ್ಸಿನವರೆಗೆ ತರಬೇತುಗೊಳಿಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ನಿಯಮವೇನೋ ಚೆನ್ನಾಗಿದೆ. ಆದರೆ ಒಪ್ಪಂದ ಮುಗಿದ ಮೇಲೆ ಹೊರಟ ಆಟಗಾರನಿಗೆ ವರ್ಗಾವಣೆ ಶುಲ್ಕವೇ ಇರುವುದಿಲ್ಲ. ಸೊನ್ನೆಯಲ್ಲಿ ಶೇ 5 ಎಂದರೂ ಸೊನ್ನೆಯೇ.

ಹಾಗಿದ್ದರೂ ನಮ್ಮಲ್ಲಿ ಫುಟ್‌ಬಾಲ್ ಬಹುಕಾಲ ಬದುಕಿತು. 1952–53, 1967–68, 1968–69ರಲ್ಲಿ ಮೈಸೂರು ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು. ಇದಕ್ಕೆ ಕಾರಣ, ನನ್ನ ದೃಷ್ಟಿಯಲ್ಲಿ, ಸಾರ್ವಜನಿಕ ಉದ್ದಿಮೆಗಳು. ಐಟಿಐ, ಎಚ್‌ಎಎಲ್‌ನಂಥ ಸಂಸ್ಥೆಗಳು ಆಟಗಾರನಿಗೆ ಕೊಟ್ಟದ್ದು ಬರೀ ಅಂಗಿ, ಬೂಟುಗಳನ್ನಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು, ಭವಿಷ್ಯನಿಧಿ, ಆಸ್ಪತ್ರೆಯ ಸೌಲಭ್ಯ, ಐವತ್ತೆಂಟಕ್ಕೆ ನಿವೃತ್ತಿ ಇವುಗಳನ್ನೂ ಕೊಟ್ಟವು. ಅಧಿಕಾರಿಯಾಗಿದ್ದಾಗ ಕಡತಗಳಲ್ಲಿ ಕ್ರೀಡಾ ಕೋಟಾವನ್ನು 'ಅನುತ್ಪಾದಕ ವೆಚ್ಚ' ಎಂದು ಕರೆದ ಟಿಪ್ಪಣಿಗಳನ್ನು ನಾನು ಸಾಕಷ್ಟು ಓದಿದ್ದೇನೆ. ಆ ಟಿಪ್ಪಣಿ ಬರೆದವರಿಗೆ ಅದೊಂದು ವಿಮೆ ಎಂಬುದು ಹೊಳೆಯಲಿಲ್ಲ. ಮುಂಪಡೆ ಆಟಗಾರನ ಏಕೈಕ ಆಸ್ತಿ ಅವನ ಕಾಲು. ಬೇರೆಲ್ಲ ಕಸುಬುಗಳಲ್ಲಿ ಅನುಭವದೊಡನೆ ಬೆಲೆ ಏರಿದರೆ, ಇಲ್ಲಿ ಮೂವತ್ತು ದಾಟಿತೆಂದರೆ ಆಸ್ತಿ ಸವೆಯತೊಡಗುತ್ತದೆ. ಎದುರಾಳಿಯ ಒಂದು ಒರಟು ಒದೆತದಿಂದ ಒಂದೇ ಸಂಜೆಯಲ್ಲಿ ಮುಗಿಯಲೂಬಹುದು. ಅಂಥವನಿಗೆ ಬ್ಯಾಂಕು ಸಾಲ ಕೊಡದು. ಕಾರ್ಖಾನೆಯ ಕೆಲಸ ಆ ಕೊರತೆಯನ್ನು ತುಂಬುತ್ತಿತ್ತು. ಉದಾರೀಕರಣದ ನಂತರ ಉದ್ದಿಮೆಗಳ ನೇಮಕಾತಿ ಕುಗ್ಗಿತು. 2011–12ರ ಋತುವಿನೊಂದಿಗೆ ಎಚ್‌ಎಎಲ್ ಕೂಡ ಐ–ಲೀಗ್‌ನಿಂದ ಹೊರಬಿತ್ತು.

ಅದರ ಜಾಗಕ್ಕೆ ಖಾಸಗಿ ಬಂಡವಾಳ ಬಂತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದಿತು, 2018–19ರಲ್ಲಿ ಐಎಸ್‌ಎಲ್ ಚಾಂಪಿಯನ್ ಆಯಿತು. ಸುನಿಲ್ ಚೆಟ್ರಿಯಂಥ ಗೋಲುಗಾರ ಈ ನಗರದ ಮನೆಮಾತಾದದ್ದು ಆ ಕ್ಲಬ್ಬಿನಿಂದ. ಕಂಠೀರವ ಕ್ರೀಡಾಂಗಣದ ಗ್ಯಾಲರಿಗಳು ತುಂಬಿದ್ದನ್ನು ಕಂಡು ನಾನೂ ಸಂತೋಷಪಟ್ಟವನೇ. ಖಾಸಗಿ ಬಂಡವಾಳದ ಬಗೆಗೆ ನನಗೆ ಅಸಹನೆಯಿಲ್ಲ. ಆದರೆ 2025ರಲ್ಲಿ ನಡೆದದ್ದನ್ನು ಗಮನಿಸಬೇಕು. ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟ ಮತ್ತು ಅದರ ವಾಣಿಜ್ಯ ಪಾಲುದಾರರ ನಡುವಿನ ಒಪ್ಪಂದದ ಅವಧಿ ಮುಗಿಯುತ್ತ ಬಂದು, ನವೀಕರಣ ಇತ್ಯರ್ಥವಾಗದೆ, ಲೀಗಿನ ಹೊಸ ಋತುವನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಅವಧಿಗೆ ಸ್ಥಗಿತಗೊಳಿಸಿರುವುದಾಗಿ ಪ್ರಕಟಿಸಿತು. ಲೀಗೇ ಇಲ್ಲದಿದ್ದಾಗ ಕ್ಲಬ್ಬಿನ ಕಷ್ಟ ಅರ್ಥವಾಗುವಂಥದ್ದೇ. ಆದರೆ ಮೇಲಿನವರ ವ್ಯಾಜ್ಯದ ಹೊರೆ ನೇರವಾಗಿ ಬಿದ್ದದ್ದು ಆಟಗಾರನ ಹೆಗಲಿಗೆ. ಚೆಟ್ರಿಯಂಥವರು ತಡೆದುಕೊಂಡಾರು, ಆಗತಾನೆ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ ಹತ್ತೊಂಬತ್ತರ ಹುಡುಗನ ಪಾಡೇನು?

ಅಕ್ಕೂರಿನ ನಮ್ಮ ನೆರೆಯ ರೈತರೊಬ್ಬರು ಕಳೆದ ವರ್ಷ ನನ್ನನ್ನು ಕೇಳಿದ್ದು ಇದನ್ನೇ. ರೇಷ್ಮೆ ಬೆಳೆದು ರಾಮನಗರದ ಮಾರುಕಟ್ಟೆಗೆ ಗೂಡು ಹಾಕುವವರು. ಮಗ ಓಟದಲ್ಲಿ ಚುರುಕು, ಬೆಂಗಳೂರಿನ ತರಬೇತಿ ಶಿಬಿರವೊಂದರಲ್ಲಿ ಆಯ್ಕೆಯಾಗಿದ್ದ. "ಸ್ವಾಮೀ, ಗೂಡಿನ ರೇಟು ಬಿದ್ರೆ ಮುಂದಿನ ಬೆಳೆ ಐತೆ. ಇವನ ಮಂಡಿ ಹೋದ್ರೆ?" ಎಂದರು. ಎಂ.ಎ. ತರಗತಿಯಲ್ಲಿ ನಾವು ಮಾನವ ಬಂಡವಾಳದ ಸವಕಳಿ ಎಂದು ಓದಿದ್ದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದರು. ಹುಡುಗ ಕಾಲೇಜು ಬಿಡದಂತೆ ನೋಡಿಕೊಳ್ಳಿ ಎಂದಷ್ಟೇ ಹೇಳಿದೆ. ಅದಕ್ಕಿಂತ ಗಟ್ಟಿಯಾದ ಉತ್ತರ ಇಂದಿನ ವ್ಯವಸ್ಥೆಯಲ್ಲಿ ಯಾರ ಬಳಿಯೂ ಇಲ್ಲ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇಂದಿಗೂ ಇದೆ. ಆದ್ದರಿಂದ ಪ್ರತಿಭೆ ಬತ್ತಿದೆ ಎನ್ನುವ ಮಾತು ಸಲ್ಲದು. ಹಳೆಯ ಕಾರ್ಖಾನೆಗಳ ಕಾಲ ಮರಳುವುದೂ ಇಲ್ಲ, ಅದನ್ನು ನಾನು ಬಯಸುವುದೂ ಇಲ್ಲ. ಆದರೆ ಸರ್ಕಾರದ ಕೈಯಲ್ಲಿ ಒಂದು ಹಿಡಿತವಿದೆ: ಕ್ರೀಡಾಂಗಣ. ಕಂಠೀರವ ಸರ್ಕಾರದ ಸ್ವತ್ತು. ಲೋಕೋಪಯೋಗಿ ಇಲಾಖೆಯಲ್ಲಿ ಒಂದು ಸೇತುವೆಯ ಗುತ್ತಿಗೆ ಪಡೆಯುವವನೂ ಬ್ಯಾಂಕ್ ಖಾತರಿ ಸಲ್ಲಿಸಬೇಕು. ಸಾರ್ವಜನಿಕ ಕ್ರೀಡಾಂಗಣವನ್ನು ಋತುವಿಡೀ ಬಳಸುವ ಯಾವುದೇ ವೃತ್ತಿಪರ ಕ್ಲಬ್ಬು ಆಟಗಾರರ ಆರು ತಿಂಗಳ ವೇತನಕ್ಕೆ ಸಮನಾದ ಖಾತರಿಯನ್ನೇಕೆ ಇಡಬಾರದು? ಜೊತೆಗೆ, ಗಾಯಗೊಂಡ ಆಟಗಾರನಿಗೆ ಒಪ್ಪಂದದ ಅವಧಿ ಮುಗಿದ ಮೇಲೂ ಎರಡು ವರ್ಷ ಚಿಕಿತ್ಸಾ ವಿಮೆ. ಕ್ರೀಡಾಂಗಣದ ಬಾಡಿಗೆಯ ಒಂದು ಪಾಲು ಆ ಆಟಗಾರರನ್ನು ಬೆಳೆಸಿದ ಬೀದಿಯ ಕ್ಲಬ್ಬುಗಳಿಗೆ.

ಇಂಥ ಷರತ್ತು ಹಾಕಿದರೆ ಕ್ಲಬ್ಬುಗಳು ಬೇರೆ ರಾಜ್ಯಕ್ಕೆ ಹೋದಾವು ಎಂಬ ಆಕ್ಷೇಪ ಬರುವುದು ಸಹಜ. ಅದನ್ನು ತಳ್ಳಿಹಾಕಲಾಗದು. ಆದಕಾರಣ ಬಾಡಿಗೆಯಲ್ಲಿ ರಿಯಾಯಿತಿ ಕೊಟ್ಟು, ಅದಕ್ಕೆ ಪ್ರತಿಯಾಗಿ ಖಾತರಿ ಪಡೆಯುವುದು ವಿವೇಕದ ಮಾರ್ಗ; ಬೊಕ್ಕಸಕ್ಕೆ ಆಗುವ ನಷ್ಟ ಅಲ್ಪ. ಇದಕ್ಕೆ ಹೊಸ ಶಾಸನವೂ ಬೇಕಿಲ್ಲ. ಕ್ರೀಡಾಂಗಣದ ಬಳಕೆಯ ಕರಾರುಪತ್ರಕ್ಕೆ ಮುಂದಿನ ಬಾರಿ ಸಹಿ ಬೀಳುವ ಮುನ್ನ ಕ್ರೀಡಾ ಇಲಾಖೆ ಎರಡು ಕಲಮು ಸೇರಿಸಿದರೆ ಸಾಕು.