ಒಂಬತ್ತು ಗಂಟೆಯ ಬಾಗಿಲು

ಬಂಡೀಪುರದ ಹೆದ್ದಾರಿಯನ್ನು ರಾತ್ರಿ ತೆರೆಯಬೇಕೆ ಬೇಡವೆ ಎಂಬ ಚರ್ಚೆ ನಮ್ಮ ಪತ್ರಿಕೆಗಳಲ್ಲಿ ಆಗಾಗ ತಲೆಯೆತ್ತುತ್ತದೆ. ತೆರೆಯಬೇಕೆನ್ನುವವರು ವ್ಯಾಪಾರದ ಮಾತನ್ನಾಡುತ್ತಾರೆ. ಬೇಡವೆನ್ನುವವರು ಹುಲಿ ಆನೆಗಳ ಮಾತನ್ನಾಡುತ್ತಾರೆ. ನಾನು ಎರಡನೆಯ ಪಂಗಡಕ್ಕೆ ಸೇರಿದವನು. ಮನವಿಪತ್ರಗಳಿಗೆ ಸಹಿ ಹಾಕಿದ್ದೇನೆ. ತರಗತಿಯಲ್ಲಿ ಪಾಠ ಬಿಟ್ಟು ಈ ವಿಷಯ ಮಾತನಾಡಿದ್ದೂ ಉಂಟು. ಈಗಲೂ ನನ್ನ ಪಕ್ಷ ಬದಲಾಗಿಲ್ಲ. ಆದರೆ ನಮ್ಮ ಪಂಗಡದವರು ಆಡಲು ಹಿಂಜರಿಯುವ ಮಾತೊಂದುಂಟು. ಅದನ್ನು ಯಾರಾದರೂ ಆಡಲೇಬೇಕು.

ಮೊದಲು ಸಂಗತಿಯನ್ನು ನೆನಪಿಸಿಕೊಳ್ಳೋಣ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ಬಂಡೀಪುರದ ಕಾಡನ್ನು ಸೀಳಿಕೊಂಡು ಹೋಗುವ ಎರಡು ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರವನ್ನು ನಿಷೇಧಿಸಿದರು. ಒಂದು ಹೆದ್ದಾರಿ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಊಟಿಗೆ. ಗದ್ದಲವಾಯಿತು, ನ್ಯಾಯಾಲಯಕ್ಕೆ ಹೋಯಿತು. 2010ರ ಮಾರ್ಚಿಯಲ್ಲಿ ಉಚ್ಚ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಕೆಲವು ಸಾರಿಗೆ ಬಸ್ಸುಗಳಿಗೂ ರೋಗಿಗಳನ್ನು ಒಯ್ಯುವ ವಾಹನಗಳಿಗೂ ವಿನಾಯಿತಿ ಇಟ್ಟರು. ಒಳ್ಳೆಯ ಕೆಲಸ, ಆಗಲೇಬೇಕಾದ ಕೆಲಸ. ಅದರಲ್ಲಿ ನನಗೆ ಸಂದೇಹವಿಲ್ಲ.

ಕೆಲವು ಕಾಲದ ಹಿಂದೆ ದಸರಾ ರಜೆಯಲ್ಲಿ ನಾನೂ ನನ್ನಾಕೆಯೂ ನಮ್ಮ ಸಣ್ಣ ಕಾರಿನಲ್ಲಿ ಮೈಸೂರಿನಿಂದ ಹೊರಟೆವು. ಹುಣಸೂರಿನ ಮೇಲೆ ನಾಗರಹೊಳೆ, ಅಲ್ಲಿಂದ ಕುಟ್ಟ, ಮಾನಂದವಾಡಿ, ಸುಲ್ತಾನ್ ಬತ್ತೇರಿ, ಮತ್ತೆ ಬಂಡೀಪುರ, ಮುದುಮಲೆ, ಕೊನೆಗೆ ಬಿಳಿಗಿರಿರಂಗನ ಬೆಟ್ಟ. ಒಂಬತ್ತು ದಿನಗಳಲ್ಲಿ ಆರುನೂರು ಕಿಲೋಮೀಟರಿಗೂ ಮಿಗಿಲಾದ ಪ್ರಯಾಣ. ಮದುವೆಯಾದಂದಿನಿಂದ ‘ಹೋಗೋಣ, ಹೋಗೋಣ’ ಎಂದುಕೊಂಡದ್ದು ಮಕ್ಕಳು ಬೆಳೆದ ಮೇಲೆ ಕೈಗೂಡಿತು. ಮೂರು ರಾಜ್ಯಗಳ ಗಡಿ ದಾಟಿದರೂ ಕಾಡು ಒಂದೇ. ಗಡಿ ಇರುವುದು ನಮಗೆ. ಆನೆಗಳಿಗೆ ಅದು ಗೊತ್ತಿಲ್ಲ.

ಐದನೆಯ ದಿನ ಬತ್ತೇರಿಯಲ್ಲಿ ಊಟ ಮುಗಿಸುವುದು ತಡವಾಯಿತು. ಗುಂಡ್ಲುಪೇಟೆಯಲ್ಲಿ ಕೋಣೆ ಗೊತ್ತು ಮಾಡಿದ್ದೆವು. ಒಂಬತ್ತರೊಳಗೆ ಕಾಡು ದಾಟದಿದ್ದರೆ ಬಾಗಿಲು ಮುಚ್ಚುತ್ತದೆ. ನಮ್ಮ ಹಿಂದೆಯೂ ಮುಂದೆಯೂ ಅದೇ ಧಾವಂತದ ಕಾರುಗಳು. ಮೂಲೆಹೊಳೆ ದಾಟಿದ ಮೇಲೆ ನಾನೂ ವೇಗ ಹೆಚ್ಚಿಸಿದೆ. ದೀಪದ ಬೆಳಕಿನಲ್ಲಿ ಮೊಲವೊಂದು ರಸ್ತೆಗೆ ಹಾರಿ, ಬೆರಗಾಗಿ, ಅಲ್ಲಿಯೇ ಕುಳಿತಿತು. ಗಾಲಿಯಡಿಯಲ್ಲಿ ಒಂದು ಸಣ್ಣ ಸದ್ದು.

“ರೀ, ನಿಲ್ಲಿಸಿ” ಎಂದಳು ನನ್ನಾಕೆ.

ನಾನು ನಿಲ್ಲಿಸಲಿಲ್ಲ. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಬಾರದೆಂಬ ನಿಯಮವಿದೆ ಎಂದೆ. ನಿಯಮವಿರುವುದು ನಿಜ; ಆ ಹೊತ್ತಿಗೆ ಅದು ನನಗೆ ಅನುಕೂಲವಾಗಿ ಒದಗಿತು. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಮದ್ದೂರಿನ ತಪಾಸಣೆ ಬಾಗಿಲು ದಾಟಿದೆವು. ಕಾವಲುಗಾರ ಕೈಬೀಸಿ ಬಿಟ್ಟನು. ನಾನು ಯಾವ ಕಾನೂನನ್ನೂ ಮುರಿದಿರಲಿಲ್ಲ.

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ಹಟವಾದಿಗಳ ಮೇಲೆ ಪ್ರಯೋಗಿಸುತ್ತೇವೆ. ನಾನು ಕೊಂದ ಮೊಲಕ್ಕೆ ನಾಲ್ಕು ಕಾಲೂ ಇದ್ದವು. 2022ರ ಗಣತಿಯಂತೆ ಬಂಡೀಪುರದಲ್ಲಿ 150 ಹುಲಿಗಳಿವೆ, ನಾಗರಹೊಳೆಯಲ್ಲಿ 141. ಸಂತೋಷ. ಆದರೆ ಮೊಲಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಹಾವು, ಕಪ್ಪೆ, ನತ್ತಿಂಗಗಳ ಲೆಕ್ಕವಂತೂ ಇಲ್ಲವೇ ಇಲ್ಲ. ರಸ್ತೆ ಕೊಲ್ಲುವುದು ಹೆಚ್ಚಾಗಿ ಈ ಲೆಕ್ಕವಿಲ್ಲದವರನ್ನೇ.

ಆ ರಾತ್ರಿ ನಿದ್ದೆ ಬಾರದೆ ಯೋಚಿಸಿದಾಗ ತೋರಿದ್ದು ಇದು. ನಾವು ನಿಷೇಧವನ್ನು ಸಮರ್ಥಿಸುವಾಗ ಯಾರನ್ನು ತಡೆಯುತ್ತಿದ್ದೇವೆ? ಗುಂಡ್ಲುಪೇಟೆಯ ತರಕಾರಿಯನ್ನು ಕೇರಳಕ್ಕೆ ಒಯ್ಯುವ ಲಾರಿಯನ್ನು. ಸಂತೆ ಮುಗಿಸಿ ಮನೆಗೆ ಹೊರಟವನನ್ನು. ಅವರಿಗೆ ಆ ದಾರಿಯ ಅಗತ್ಯವಿದೆ. ನನಗೆ ಯಾವ ಅಗತ್ಯವಿತ್ತು? ನೋಡಬೇಕೆಂಬ ಆಸೆ, ಅಷ್ಟೆ. ಆದರೂ ಬೆಳಗಿನ ಆರರಿಂದ ರಾತ್ರಿಯ ಒಂಬತ್ತರವರೆಗೆ ಅಗತ್ಯವಿರುವವನಿಗೂ ಆಸೆಯಿರುವವನಿಗೂ ಒಂದೇ ಬಾಗಿಲು, ಒಂದೇ ಹಕ್ಕು. ಮುಸ್ಸಂಜೆಯ ಹೊತ್ತು ಪ್ರಾಣಿಗಳು ಮೇವಿಗೆ, ನೀರಿಗೆ ಹೊರಡುವ ಹೊತ್ತು. ಅದೇ ಹೊತ್ತಿಗೆ, ಬಾಗಿಲು ಮುಚ್ಚೀತೆಂಬ ಅವಸರದಲ್ಲಿ, ನಮ್ಮ ಕಾರುಗಳ ಸಾಲು ನುಗ್ಗುತ್ತದೆ.

ಒಂಬತ್ತು ಗಂಟೆಯೆಂಬುದು ಬ್ರಹ್ಮಲಿಪಿಯೇನೂ ಅಲ್ಲ. ನಾಗರಹೊಳೆಯ ಕಾಡಿನಲ್ಲಿ ಮಾನಂದವಾಡಿಗೆ ಹೋಗುವ ರಸ್ತೆಯನ್ನು ಸಂಜೆ ಆರಕ್ಕೇ ಮುಚ್ಚುತ್ತಾರೆ. ಅದರಿಂದ ಲೋಕವೇನೂ ಮುಳುಗಿಲ್ಲ.

ಇಲ್ಲಿ ನನ್ನ ಗೆಳೆಯರು ಎತ್ತುವ ಆಕ್ಷೇಪಗಳು ಗೊತ್ತಿವೆ. ‘ಜನ ಕಾಡನ್ನು ನೋಡಿದರೆ ತಾನೆ ಕಾಡನ್ನು ಪ್ರೀತಿಸುವುದು?’ ಎನ್ನುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನಾನು ಕಂಡದ್ದು ಬೇರೆ. ಆನೆಯ ಹಿಂಡು ರಸ್ತೆಯ ಪಕ್ಕ ಬಂದರೆ ಸಾಲುಗಟ್ಟಿ ಕಾರುಗಳು ನಿಲ್ಲುತ್ತವೆ. ಕಿಟಕಿಗಳಿಂದ ಮೊಬೈಲು ಹಿಡಿದ ಕೈಗಳು ಚಾಚುತ್ತವೆ. ಒಬ್ಬಾತ ಹಾರನ್ನು ಬಾರಿಸಿದ, ಆನೆ ಮುಖ ತಿರುಗಿಸಲೆಂದು. ಇನ್ನೊಬ್ಬರು ಮಂಗಗಳಿಗೆ ಚಿಪ್ಸು ಎಸೆದರು. ಹೋಟೆಲುಗಳಲ್ಲಿ ಬೆಳಗಿನ ಉಪಾಹಾರದ ಹೊತ್ತಿಗೆ ಒಂದೇ ಮಾತು: ‘ಹುಲಿ ಸಿಕ್ಕಿತೆ?’ ಸಿಗುವುದಕ್ಕೆ ಹುಲಿಯೇನು ಕಳೆದುಹೋದ ಪದಾರ್ಥವೆ? ಹಿಂದೆ ಬಂದೂಕು ಹಿಡಿದು ಬೇಟೆಯಾಡುತ್ತಿದ್ದರು. ಈಗ ಕ್ಯಾಮೆರಾ ಹಿಡಿದಿದ್ದೇವೆ. ಪ್ರಾಣ ಉಳಿಯಿತು, ನಿಜ. ಆದರೆ ಬೇಟೆಯ ಹಸಿವು ಹಾಗೆಯೇ ಉಳಿದಿದೆ.

ರಾಘವಾಂಕನ ಹರಿಶ್ಚಂದ್ರ ಬೇಟೆಗೆಂದು ಕಾಡು ಹೊಕ್ಕು ವಿಶ್ವಾಮಿತ್ರನ ಆಶ್ರಮದ ಬಳಿಗೆ ಬಂದಲ್ಲಿಂದ ಅವನ ಕಷ್ಟ ಮೊದಲಾಯಿತು. ಆ ಭಾಗವನ್ನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಅವನು ರಾಜ; ಕಾಡಿಗೆ ಹೋದದ್ದರ ಬೆಲೆಯನ್ನು ರಾಜ್ಯ, ಹೆಂಡತಿ, ಮಗ ಎಲ್ಲವನ್ನೂ ತೊರೆದು ತೆತ್ತನು. ನಮಗೆ ಆ ಭಯವಿಲ್ಲ. ಬೆಲೆಯನ್ನು ತೆರುವವರು ಬೇರೆ.

ಅವರು ಯಾರೆಂದು ಹೇಳುತ್ತೇನೆ. ಹುಲಿಯೋಜನೆ 1973ರಲ್ಲಿ ಬಂತು. ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಅಂದಿನಿಂದ ಈ ಕಾಡುಗಳಲ್ಲಿದ್ದ ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳನ್ನು ಹೊರಕ್ಕೆ ಸಾಗಿಸುತ್ತ ಬಂದಿದ್ದಾರೆ. ಕಾಡಿಗೆ ಮನುಷ್ಯರ ಕಾಟ ತಪ್ಪಬೇಕೆಂಬುದು ಕಾರಣ. ಆಗಬಹುದು. ಆದರೆ ಜೇನು ಕೀಳುವವನ ಹೆಜ್ಜೆ ಕಾಟವಾಗಿ, ನನ್ನ ಕಾರಿನ ಗಾಲಿ ಕಾಟವಾಗದೆ ಇದ್ದೀತೆ? 1990ರ ದಶಕದಲ್ಲಿ ನಾಗರಹೊಳೆಯ ಕಾಡಿನೊಳಗೇ ದೊಡ್ಡ ಹೋಟೆಲೊಂದನ್ನು ತೆರೆಯುವ ಯತ್ನ ನಡೆಯಿತು. ಎದುರಾಗಿ ನಿಂತವರು ಆ ಹಾಡಿಗಳ ಜನರೇ; 1997ರಲ್ಲಿ ಉಚ್ಚ ನ್ಯಾಯಾಲಯ ಆ ಕೆಲಸವನ್ನು ತಡೆಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಕಾಡಿನ ಮೇಲೆ ಸಾಮುದಾಯಿಕ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಅಲ್ಲಿ ಲಂಟಾನದ ಪೊದೆಗಳು ಕಾಡನ್ನು ಕವಿದಿರುವುದನ್ನು ತೋರಿಸಿ ಹಿರಿಯ ಸೋಲಿಗನೊಬ್ಬ, ಹಿಂದೆ ತಾವು ಬೇಸಗೆಯ ಆರಂಭದಲ್ಲಿ ಇಡುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ ಮೇಲೆ ಇದು ಹಬ್ಬಿತೆಂದ. ಆಮೇಲೆ ನಮ್ಮ ಕಾರನ್ನು ನೋಡಿ, “ನೀವು ಎಷ್ಟು ದಿನ ಇರ್ತೀರಿ?” ಎಂದು ಕೇಳಿದ. ಎರಡು ದಿನ ಎಂದೆ. ಅವನು ಮುಂದೆ ಮಾತನಾಡಲಿಲ್ಲ.

ಇನ್ನೊಂದು ಆಕ್ಷೇಪ: ಪ್ರವಾಸಿಗಳಿಂದ ಊರವರಿಗೆ ಜೀವನವಿದೆ. ಇದನ್ನು ಅಲ್ಲಗಳೆಯಲಾರೆ. ಜೀಪಿನ ಚಾಲಕ, ಅಡಿಗೆಯವ, ಕೋಣೆ ಗುಡಿಸುವವಳು ಎಲ್ಲರೂ ಆ ಊರವರೇ. ಆದರೆ ಜೀವನ ಬೇಕಾದವರು ಕಾಡಂಚಿನ ರೈತರೂ ಹೌದು. 2025ರ ನವೆಂಬರಿನಲ್ಲಿ ಹುಲಿಯ ಬಾಯಿಗೆ ಜನ ಸಿಕ್ಕಾಗ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಲು ಸರ್ಕಾರ ಆಜ್ಞೆ ಮಾಡಿತು. ನಿಲ್ಲಿಸುವುದಕ್ಕೆ ಜನ ಸಾಯಬೇಕಾಯಿತು. ಒಂದು ಮಿತಿಯನ್ನು ಮೊದಲೇ ಹಾಕಿಕೊಂಡಿದ್ದರೆ ಜೀಪಿನವನ ಅನ್ನಕ್ಕೂ ಹಾಗೆ ಒಮ್ಮೆಗೇ ಕಲ್ಲು ಬೀಳುತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ರಾತ್ರಿಯ ನಿಷೇಧ ಇರಲಿ; ಅದನ್ನು ಒಂದು ನಿಮಿಷವೂ ಸಡಿಲಿಸಕೂಡದು. ಆದರೆ ವಿನೋದಕ್ಕಾಗಿ ಹೋಗುವ ಖಾಸಗಿ ವಾಹನಗಳಿಗೆ ಬಂಡೀಪುರದ ಬಾಗಿಲು ಸಂಜೆ ಆರಕ್ಕೇ ಮುಚ್ಚಲಿ. ಸರಕಿಗೂ ಸ್ಥಳೀಯರಿಗೂ ಬಸ್ಸಿಗೂ ಈಗಿನ ವೇಳೆಯೇ ಇರಲಿ. ಕಾಡು ನೋಡಬೇಕೆನ್ನುವವರು ಕಾರನ್ನು ಅಂಚಿನ ಊರಿನಲ್ಲಿ ಬಿಟ್ಟು ಬಸ್ಸು ಹತ್ತಲಿ. ಇದರಿಂದ ತೊಂದರೆಯಾಗುವುದು ನನ್ನಂಥವರಿಗೆ. ಆಗಲಿ. ಲಾರಿಯವನಿಗೆ ಇಷ್ಟು ವರ್ಷ ತ್ಯಾಗದ ಉಪದೇಶ ಮಾಡಿದವರು ನಾವೇ ಅಲ್ಲವೆ?

‘ಯಾರು ಸ್ಥಳೀಯ, ಯಾರು ವಿನೋದಿ ಎಂದು ಬಾಗಿಲಲ್ಲಿ ಹೇಗೆ ತಿಳಿಯುವುದು?’ ಎಂದು ಕೇಳುವವರಿದ್ದಾರೆ. ರೋಗಿಯ ವಾಹನವನ್ನು ಗುರುತಿಸಿ ಬಿಡುವ ಕಾವಲುಗಾರನಿಗೆ ಆ ತಾಲ್ಲೂಕುಗಳ ಗಾಡಿಗಳಿಗೆ ಕೊಟ್ಟ ರಹದಾರಿಯನ್ನು ಓದುವುದು ಕಷ್ಟವಲ್ಲ. ಕಷ್ಟವಿರುವುದು ನಮ್ಮ ಮನಸ್ಸಿನಲ್ಲಿ.

ಊರಿಗೆ ಬಂದ ಮೇಲೆ ನೆಂಟರಿಷ್ಟರೆಲ್ಲ ಹುಲಿ ಕಂಡಿತೆ ಎಂದು ಕೇಳಿದರು. ಇಲ್ಲ, ಒಂದು ಮೊಲ ಕಂಡಿತು ಎಂದು ನನ್ನಾಕೆ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. ಅವರು ನಕ್ಕರು. ಅವಳು ಹೇಳುವುದನ್ನು ಇನ್ನೂ ಬಿಟ್ಟಿಲ್ಲ, ನಾನೂ ತಡೆದಿಲ್ಲ.

ನನ್ನ ಮಾತನ್ನು ಒಪ್ಪದವರು ಉತ್ತರ ಬರೆಯಲಿ. ಬರೆಯುವ ಮೊದಲು, ತಾವು ಕೊನೆಯ ಸಲ ಆ ಬಾಗಿಲನ್ನು ದಾಟಿದ್ದು ಎಷ್ಟು ಗಂಟೆಗೆ, ಯಾವ ಕೆಲಸಕ್ಕೆ ಎಂಬುದನ್ನು ನೆನೆದುಕೊಂಡರೆ ಸಾಕು.