ಹೋಳಿಗೆಗೊಂದು ತಿನ್ನುವ ಹೊದಿಕೆ

ಕಳೆದ ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬಕ್ಕೆಂದು ಬೆಂಗಳೂರಿಗೆ ಕಳಿಸಿದ್ದ ಕಾಯಿ ಹೋಳಿಗೆಯಲ್ಲಿ ನಲವತ್ತು ಪೊಟ್ಟಣ ವಾಪಸು ಬಂತು. ಒಂದನ್ನು ಬಿಚ್ಚಿ ನೋಡಿದೆ. ಪ್ಲಾಸ್ಟಿಕ್ಕಿನ ಒಳಮೈಗೆ ಬೆವರಿನಂತೆ ನೀರ ಹನಿ ಕೂತಿತ್ತು. ಹೋಳಿಗೆಯ ಅಂಚಿನಲ್ಲಿ, ಹೂರಣ ಹೊರಗೆ ಇಣುಕಿದ ಕಡೆ, ಸಾಸಿವೆ ಗಾತ್ರದ ಬಿಳಿ ಚುಕ್ಕೆಗಳು. ದೊಡ್ಡ ಚುಕ್ಕೆಗಳ ನಡುವೆ ಆಗಲೇ ಹಸಿರು. ದನಕ್ಕೂ ಹಾಕುವಂತಿರಲಿಲ್ಲ, ಕೆಲವು ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ. ನಲವತ್ತನ್ನೂ ಗೊಬ್ಬರದ ಗುಂಡಿಗೆ ಸುರಿದೆ. ಬೆಳಗಿನ ಜಾವ ಎದ್ದು ಕಾಯಿ ತುರಿದಿದ್ದ ಹೆಂಗಸರು ಪಕ್ಕದಲ್ಲೇ ನಿಂತಿದ್ದರು.

ಸಾಗರದ ಹತ್ತಿರದ ಹಳ್ಳಿಯಲ್ಲಿ ನಾವು ನಾಲ್ವರು ಸೇರಿ ಹೋಳಿಗೆ, ಹಲಸಿನ ಹಪ್ಪಳ, ತೊಡೆದೇವು ಮಾಡಿ ಮಾರುತ್ತೇವೆ. ಆ ಸಲ ಅವಸರದಲ್ಲಿ ಬಿಸಿ ಪೂರ್ತಿ ಆರುವ ಮೊದಲೇ ಕಟ್ಟಿದ್ದು ನನ್ನದೇ ತಪ್ಪು. ಆದರೆ ಆರಿಸಿ ಕಟ್ಟಿದರೂ ಮಲೆನಾಡಿನ ಮಳೆಯಲ್ಲಿ ಮೂರು ದಿನ ದಾಟುವುದು ಕಷ್ಟ. ಕಾಯಿಬೆಲ್ಲದ ಹೂರಣದಲ್ಲಿ ಪಸೆ ಇದ್ದೇ ಇರುತ್ತದೆ. ಪ್ಲಾಸ್ಟಿಕ್ ಅದನ್ನು ಹೊರಗೆ ಬಿಡುವುದಿಲ್ಲ. ನಮ್ಮತ್ತೆ ಬಾಡಿಸಿದ ಬಾಳೆ ಎಲೆಯಲ್ಲಿ ಕಟ್ಟಿಕೊಡುತ್ತಿದ್ದರು. ಅದು ಪಕ್ಕದೂರಿನ ನೆಂಟರಿಗೆ ಸರಿ, ಕೊರಿಯರ್ ಚೀಲದಲ್ಲಿ ಬೆಂಗಳೂರು ತಲುಪುವಷ್ಟರಲ್ಲಿ ಎಲೆಯೇ ಕಪ್ಪಾಗಿರುತ್ತದೆ.

ಈ ಸಂಕಟದಲ್ಲಿದ್ದಾಗ ತಿನ್ನಬಹುದಾದ ಹಾಳೆಗಳ ಬಗ್ಗೆ ಓದಿದೆ. ಪಿಷ್ಟ, ಹಣ್ಣಿನ ಪೆಕ್ಟಿನ್, ಹಾಲಿನ ಪ್ರೋಟೀನ್ ಇಂಥವುಗಳಿಂದ ತೆಳ್ಳಗಿನ ಹಾಳೆ ಮಾಡಿ, ಅದರಲ್ಲಿ ಲವಂಗದ, ದಾಲ್ಚಿನ್ನಿಯ, ಓಮದ ಎಣ್ಣೆ ಬೆರೆಸುತ್ತಾರೆ. ಲವಂಗದ ಯೂಜಿನಾಲ್, ಓಮದ ಥೈಮಾಲ್ ಬೂಷ್ಟಿನ ಜೀವಕೋಶದ ಪೊರೆಯೊಳಗೆ ಸೇರಿ ಅದನ್ನು ಸೋರುವಂತೆ ಮಾಡುತ್ತವೆ. ಎಣ್ಣೆಯನ್ನು ಹಾಗೇ ಸವರಿದರೆ ಬೇಗ ಆವಿಯಾಗಿ ಹೋಗುತ್ತದೆ. ಹಾಳೆಯೊಳಗೆ ಸಿಕ್ಕಿಕೊಂಡರೆ ನಿಧಾನವಾಗಿ, ದಿನಗಟ್ಟಲೆ ಹೊರಬರುತ್ತದೆ.

ಓದಿದಾಗ ನನಗೆ ನೆನಪಾದದ್ದು ನಮ್ಮ ತೊಡೆದೇವು. ಮಣ್ಣಿನ ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಕಬ್ಬಿನ ಹಾಲಲ್ಲಿ ಕದಡಿದ ಅಕ್ಕಿ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಎಳೆದರೆ ಕಾಗದದಂಥ ಹಾಳೆ ಏಳುತ್ತದೆ. ಬಿಸಿಯಲ್ಲೇ ಮಡಚಬೇಕು, ಆರಿದರೆ ಚೂರುಚೂರು. ಪ್ರಯೋಗಾಲಯದ ಹಾಳೆಯೂ ಹೆಚ್ಚುಕಡಿಮೆ ಇದೇ. ಬಾಗಿದರೂ ಒಡೆಯದಿರಲಿ ಎಂದು ಅದಕ್ಕೆ ಗ್ಲಿಸರಿನ್ ಹಾಕುತ್ತಾರೆ.

ಮನೆಯಲ್ಲೇ ಮಾಡಿ ನೋಡಿದೆ. ಕೂವೆ ಹಿಟ್ಟನ್ನು ನೀರಲ್ಲಿ ಕದಡಿ, ತಿನ್ನಲು ಬಳಸುವ ಗ್ಲಿಸರಿನ್ ಕೆಲವು ಹನಿ ಸೇರಿಸಿ, ಗಂಜಿ ತಿಳಿಯಾಗುವವರೆಗೆ ಮಗುಚಿ, ಎರಡು ಹನಿ ಲವಂಗದೆಣ್ಣೆ ಬಿಟ್ಟು ಸ್ಟೀಲ್ ತಟ್ಟೆಗೆ ಹೊಯ್ದೆ. ಎಣ್ಣೆ ಬೆರೆಯಲೇ ಇಲ್ಲ, ಮೇಲೆ ಕಣ್ಣುಕಣ್ಣಾಗಿ ತೇಲಿತು. ಮರುದಿನ ತಟ್ಟೆಯಿಂದ ಎಬ್ಬಿಸಿದ ಹಾಳೆಯನ್ನು ಬೆಳಕಿಗೆ ಹಿಡಿದರೆ ಆ ಕಣ್ಣುಗಳು ಹಾಗೇ ಕಾಣುತ್ತಿದ್ದವು. ಅದರಲ್ಲಿ ಸುತ್ತಿದ ಹೋಳಿಗೆ ಐದನೆಯ ದಿನವೂ ಚೊಕ್ಕಟವಾಗಿತ್ತು, ಆದರೆ ಬಾಯಿಗಿಟ್ಟರೆ ಹಲ್ಲುನೋವಿನ ಔಷಧಿಯ ವಾಸನೆ. ಏಲಕ್ಕಿಯ ಘಮ ಎಲ್ಲೋ ಅಡಗಿಹೋಗಿತ್ತು. ಒಂದು ತಟ್ಟೆಯ ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲ, ಅದನ್ನು ಯಾರಿಗೂ ಮಾರಲೂ ಇಲ್ಲ. ಆದರೆ ಕೆಲಸ ಎಲ್ಲಿ ಬಾಕಿಯಿದೆ ಎಂಬುದು ಕಣ್ಣಿಗೆ ಬಿತ್ತು. ಎಣ್ಣೆ ಸಮನಾಗಿ ಬೆರೆಯಬೇಕು, ರುಚಿ ಕೆಡದಷ್ಟೇ ಇರಬೇಕು, ಮಳೆಗಾಲದ ಥಂಡಿಗೆ ಹಾಳೆ ಮೆತ್ತಗಾಗಬಾರದು.

ಇವು ನನ್ನಂಥವಳು ಒಲೆಯ ಮುಂದೆ ಕೂತು ಬಿಡಿಸುವ ಲೆಕ್ಕವಲ್ಲ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿ.ಎಫ್.ಟಿ.ಆರ್.ಐ., 1950ರಿಂದ ಇದೆ. ನಮ್ಮದೇ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಈ ಹಾಳೆಗಳನ್ನು ಹೆಚ್ಚಾಗಿ ಹಣ್ಣು, ಬ್ರೆಡ್ಡು, ಚೀಸಿನ ಮೇಲೆ ಪರೀಕ್ಷಿಸಿದ್ದನ್ನೇ ಓದುತ್ತೇನೆ. ಹೋಳಿಗೆಯ ಮೇಲೆ, ಕಾಯಿ ಬರ್ಫಿಯ ಮೇಲೆ, ಜುಲೈ ತಿಂಗಳ ಮಲೆನಾಡಿನ ಅಡುಗೆಮನೆಯಲ್ಲಿ ಪರೀಕ್ಷೆ ನಡೆಯಲಿ ಎಂಬುದೇ ನನ್ನ ಬೇಡಿಕೆ.

ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. 2022ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಷೇಧದ ಪಟ್ಟಿಯಲ್ಲಿ ಸಿಹಿತಿಂಡಿ ಡಬ್ಬಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಇದೆ. ನಿಷೇಧ ಸರಿಯೇ, ನಮ್ಮ ಹೊಳೆಯ ದಂಡೆಗೆ ಸಿಕ್ಕಿಕೊಂಡ ಕವರುಗಳನ್ನು ದಿನವೂ ನೋಡುತ್ತೇನೆ. ಆದರೆ ಬದಲಿಗೆ ಏನು ಸುತ್ತಬೇಕೆಂದು ಯಾರೂ ನಮ್ಮ ಕೈಗೆ ಕೊಟ್ಟಿಲ್ಲ. ಕಿರು ಆಹಾರ ಉದ್ಯಮದ ಕೇಂದ್ರ ಯೋಜನೆಯಲ್ಲಿ ಯಂತ್ರಕ್ಕೆ ಶೇ 35ರಷ್ಟು ಸಹಾಯಧನವನ್ನೇನೋ ಇಟ್ಟರು. ಹಿಟ್ಟು ನಾದಲು ಯಂತ್ರ ಬಂದರೂ ನಾದಿ, ತಟ್ಟಿ, ಬೇಯಿಸಿದ್ದು ದಾರಿಯಲ್ಲೇ ಬೂಷ್ಟು ಹಿಡಿದರೆ ಏನು ಬಂತು?

ಹಾಳೆ ಬಂದಾಗ ಅದರ ಮೇಲೆ ಎಲ್ಲವೂ ಬರೆದಿರಲಿ. ಸಂಶೋಧಕರು ಬಹಳ ಮೆಚ್ಚುವ ಕೈಟೋಸಾನ್ ಹೆಚ್ಚಾಗಿ ಸಿಗಡಿ, ಏಡಿಯ ಚಿಪ್ಪಿನಿಂದ ಬರುತ್ತದೆ. ಜೆಲಟಿನ್ ಪ್ರಾಣಿಮೂಲದ್ದು. ದೇವರ ಮುಂದಿಡುವ ಹೋಳಿಗೆಗೆ ಇವನ್ನು ತಿಳಿಸದೆ ಸುತ್ತಿದರೆ ಅದು ನಂಬಿಕೆ ಮುರಿದಂತೆ, ಚಿಪ್ಪಿನ ಪದಾರ್ಥ ಮೈಗೆ ಒಗ್ಗದವರಿಗೆ ಅಪಾಯವೂ ಹೌದು. ಇನ್ನೊಂದು ಮಾತು. ಬೂಷ್ಟು ತಡೆಯುವ ಹಾಳೆ ಇದೆಯೆಂದು ಕೈ ತೊಳೆಯುವುದನ್ನೂ ಬಿಸಿ ಆರಿಸುವುದನ್ನೂ ಬಿಡಲಾಗದು. ಮುಟ್ಟಿದ ಕೈ, ಹಿಡಿದ ಧೂಳು ಹೊರಗೇ ಉಳಿಯಬೇಕಾದರೆ ಈ ಹಾಳೆಯ ಮೇಲೊಂದು ಕಾಗದದ ಡಬ್ಬಿಯೂ ಬೇಕು.

ಇದರಿಂದ ತೋಟದವರಿಗೂ ಅನುಕೂಲ. ಅಡಿಕೆಯ ನಡುವೆ ಬೆಳೆದ ಲವಂಗ, ದಾಲ್ಚಿನ್ನಿಯ ಎಲೆಯಿಂದಲೂ ಎಣ್ಣೆ ಇಳಿಸಬಹುದು. ಹಲಸಿನ ಬೇಳೆಯ ಪಿಷ್ಟದಿಂದಲೂ ಇಂಥ ಹಾಳೆ ಮಾಡಲು ಬರುತ್ತದೆ. ಹಪ್ಪಳದ ಕಾಲದಲ್ಲಿ ನಮ್ಮ ಅಂಗಳದಲ್ಲಿ ಬೇಳೆಯ ರಾಶಿ ಬೀಳುತ್ತದೆ. ಸಾರಿಗೆ, ಪಲ್ಯಕ್ಕೆ ಬಳಸಿ ಮಿಕ್ಕದ್ದು ಮೊಳೆತು ಹೋಗುತ್ತದೆ.

ಇರುವಕ್ಕಿಯಿಂದಲೋ ಮೈಸೂರಿನಿಂದಲೋ ಯಾರಾದರೂ ಬರುವುದಾದರೆ ಬೇಸಿಗೆಗೆ ಬೇಡ, ಗೋಡೆ ಬೆವರುವ ಆಷಾಢದಲ್ಲಿ ಬನ್ನಿ. ಈ ವರ್ಷದ ಬೇಳೆಯನ್ನು ಮಣ್ಣು ಬಳಿದು ಅಟ್ಟದಲ್ಲಿ ಇಟ್ಟಿದ್ದೇನೆ. ಹೋಳಿಗೆಯನ್ನೂ ನಾನೇ ಕೊಡುತ್ತೇನೆ.